ಒಂದು ಕಿಲೋಮೀಟರಿಗೆ ಎರಡು ಗಂಟೆ: ಊರಿನವರನ್ನೆಲ್ಲ ಕೆರೆ ಏರಿಗೆ ಕರೆದೊಯ್ಯುವ ಬಗೆ

ನಾನು ಏರ್ಪಡಿಸಿದ ಮೊದಲ ನಿಸರ್ಗ ನಡಿಗೆಗೆ ನಲವತ್ತಕ್ಕೂ ಹೆಚ್ಚು ಜನ ಬಂದಿದ್ದರು. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಎಲ್ಲರಿಗೂ ಪೂರ್ತಿ ಒಂದು ಸುತ್ತು ಹಾಕಿಸಬೇಕೆಂಬ ಹುಮ್ಮಸ್ಸು ನನ್ನದು. ದೊಡ್ಡ ಕ್ಯಾಮೆರಾ ಹೊತ್ತ ನಾಲ್ಕೈದು ಯುವಕರು ನನ್ನ ಬೆನ್ನಿಗೇ ಅಂಟಿಕೊಂಡರು. ಮಕ್ಕಳು ನಡುವೆ ಎಲ್ಲೋ ಓಡಾಡಿಕೊಂಡಿದ್ದರು. ವಯಸ್ಸಾದವರು ಕಾಲು ಫರ್ಲಾಂಗು ಹಿಂದೆ ಬಿದ್ದರು. ಹೆಜ್ಜಾರ್ಲೆಯ (ಪೆಲಿಕನ್) ಕೊಕ್ಕಿನ ಚೀಲದ ಬಗ್ಗೆ ನಾನು ಕಟ್ಟಿದ ಭಾಷಣವನ್ನು ಕೇಳಿಸಿಕೊಂಡವರು ಹತ್ತು ಜನ ಇದ್ದರೆ ಹೆಚ್ಚು. ಸುತ್ತು ಮುಗಿಸಿ ಬಂದು ನೋಡಿದರೆ, ನಮ್ಮ ಜೊತೆ ಹೊರಟಿದ್ದ ಒಬ್ಬ ಅಜ್ಜಿ ಹೊರಟ ಜಾಗದ ಹತ್ತಿರವೇ ಕಲ್ಲಿನ ಮೇಲೆ ಕುಳಿತಿದ್ದರು. ಅವರ ಸುತ್ತ ನಾಲ್ಕು ಮಕ್ಕಳು ಕುಕ್ಕರಗಾಲಿನಲ್ಲಿ ಕೂತು ಒದ್ದೆ ನೆಲದಲ್ಲಿ ಹಬ್ಬಿದ ಒಂದೆಲಗವನ್ನು ನೋಡುತ್ತಿದ್ದರು. ಒಂದೊಂದು ದಂಟಿಗೆ ಎಷ್ಟು ಎಲೆ ಎಂದು ಅಜ್ಜಿ ಎಣಿಸಲು ಹೇಳಿದ್ದರು. ಒಂದೇ ಒಂದು. ಹೆಸರು ಏಕೆ ಹಾಗೆ ಬಂತು ಎಂದು ಒಬ್ಬ ಹುಡುಗಿಗೆ ಥಟ್ಟನೆ ಹೊಳೆದು ಅವಳು ಕೂಗಿದ್ದು ನನಗೆ ದೂರದಿಂದಲೇ ಕೇಳಿಸಿತು.

ಅಂದಿನಿಂದ ನನ್ನ ಲೆಕ್ಕ ಬದಲಾಯಿತು. ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರು ಯಾರೋ ಅವರ ವೇಗವೇ ಇಡೀ ನಡಿಗೆಯ ವೇಗ. ಅಲ್ಲಿಂದೀಚೆಗೆ ನಾವು ಎರಡು ಗಂಟೆಯಲ್ಲಿ ಒಂದು ಕಿಲೋಮೀಟರು ದಾಟಿದ್ದು ಕಡಿಮೆ, ಬಂದವರು ಮತ್ತೆ ಬಾರದೆ ಉಳಿದದ್ದೂ ಕಡಿಮೆ. ನಿಮ್ಮ ಊರಿನಲ್ಲೋ ಬಡಾವಣೆಯಲ್ಲೋ ಇಂಥದ್ದೊಂದನ್ನು ಶುರು ಮಾಡುವ ಮನಸ್ಸಿದ್ದರೆ, ತಪ್ಪು ಮಾಡಿ ಕಲಿತ ಕ್ರಮ ಇದು. ಪಕ್ಷಿತಜ್ಞರಾಗಿರಬೇಕಿಲ್ಲ. ನಾನೂ ಅಲ್ಲ.

1. ಮೊದಲು ನೀವೊಬ್ಬರೇ ನಡೆಯಿರಿ

ಜಾಗ ಹುಡುಕಲು ದೂರ ಹೋಗಬೇಡಿ. ಕೆರೆ, ಹಳೆಯ ಮಾವಿನ ತೋಪು, ಕಾಲೇಜಿನ ಆವರಣ, ಊರಾಚೆಯ ಗುಂಡುತೋಪು, ಯಾವುದಾದರೂ ಆಗುತ್ತದೆ. ನಡಿಗೆ ಎಷ್ಟು ಗಂಟೆಗೋ ಅದೇ ಗಂಟೆಗೆ, ಬೇರೆ ಬೇರೆ ಎರಡು ದಿನ ಹೋಗಿ ಬನ್ನಿ. ಮಧ್ಯಾಹ್ನ ಹೋಗಿ ನೋಡಿ ಬೆಳಗಿನ ನಡಿಗೆಗೆ ಯೋಜನೆ ಹಾಕಿದರೆ ಬಿಸಿಲು ಯಾವ ಕಡೆಯಿಂದ ಕಣ್ಣಿಗೆ ಬೀಳುತ್ತದೆ ಎಂಬುದೇ ತಿಳಿಯುವುದಿಲ್ಲ. ಸೂರ್ಯ ಬೆನ್ನಿಗಿದ್ದರೆ ಹಕ್ಕಿಯ ಬಣ್ಣ ಕಾಣುತ್ತದೆ. ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಾಗೆಯೇ.

ಎಂಟುನೂರು ಮೀಟರಿನಿಂದ ಒಂದು ಕಿಲೋಮೀಟರಿನ ದಾರಿ ಸಾಕು. ಅದರಲ್ಲಿ ನೋಡಿಕೊಳ್ಳಬೇಕಾದವು: ಶೌಚಾಲಯ ಎಲ್ಲಿದೆ, ಅದು ಆ ಹೊತ್ತಿಗೆ ತೆರೆದಿರುತ್ತದೆಯೇ, ಕುಳಿತುಕೊಳ್ಳಲು ಕಲ್ಲುಬೆಂಚೋ ಕಟ್ಟೆಯೋ ಎಷ್ಟು ದೂರಕ್ಕೊಂದಿದೆ, ಗಾಲಿಕುರ್ಚಿ ಹೋಗದಂತೆ ಗೇಟಿನಲ್ಲಿ ಅಡ್ಡಕಂಬಿ ಹಾಕಿದ್ದಾರೆಯೇ, ಆಂಬುಲೆನ್ಸ್ ಬರುವಷ್ಟು ಅಗಲದ ರಸ್ತೆ ಎಲ್ಲಿ ಸಿಗುತ್ತದೆ, ಮೇಲೆ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿದೆಯೇ. ಕೊನೆಯದನ್ನು ಮರೆಯಲೇಬೇಡಿ.

2. ಕೆರೆ ಯಾರದು?

ಒಂದೇ ಮೈಸೂರಿನಲ್ಲಿ ನೋಡಿ: ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು, ಲಿಂಗಾಂಬುಧಿ ಕೆರೆ ಅರಣ್ಯ ಇಲಾಖೆಯದ್ದು, ಕಾರಂಜಿ ಕೆರೆ ಮೃಗಾಲಯದವರದ್ದು. ಕಾರಂಜಿಗೆ ಟಿಕೆಟ್ ಇದೆ, ಮಂಗಳವಾರ ರಜೆ. ಬೇರೆ ಊರುಗಳಲ್ಲಿ ಸಣ್ಣ ನೀರಾವರಿ ಇಲಾಖೆ, ನಗರಪಾಲಿಕೆ, ಗ್ರಾಮ ಪಂಚಾಯಿತಿ, ಹೀಗೆ ಒಡೆತನ ಒಂದೊಂದು ಕಡೆ ಒಂದೊಂದು. ಸಾರ್ವಜನಿಕರಿಗೆ ತೆರೆದ ಜಾಗದಲ್ಲಿ ಹತ್ತು ಜನ ಸುಮ್ಮನೆ ನಡೆದರೆ ಯಾರೂ ಕೇಳುವುದಿಲ್ಲ. ಇಪ್ಪತ್ತು ಜನ ಬ್ಯಾನರು ಹಿಡಿದು ನಿಂತರೆ ಕಾವಲುಗಾರ ಕೇಳಿಯೇ ಕೇಳುತ್ತಾನೆ, ಕೇಳುವುದು ಅವನ ಕೆಲಸ. ಒಂದು ಪುಟದ ಅರ್ಜಿಯಲ್ಲಿ ದಿನ, ಹೊತ್ತು, ಜನರ ಸಂಖ್ಯೆ, ಹೊಣೆ ಹೊತ್ತವರ ಹೆಸರು ಬರೆದು ವಾರದ ಮುಂಚೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಅದರ ಪ್ರತಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಅರಣ್ಯ ಪ್ರದೇಶವಾದರೆ ಲಿಖಿತ ಒಪ್ಪಿಗೆ ಕೈಗೆ ಬರುವವರೆಗೆ ಯಾರನ್ನೂ ಕರೆಯಬೇಡಿ.

ಕಾವಲುಗಾರನನ್ನು ಮೊದಲೇ ಮಾತನಾಡಿಸಿ. ಯಾವ ಮರದಲ್ಲಿ ಗೂಬೆ ಕೂರುತ್ತದೆ, ಕಳೆದ ವಾರ ಹಾವು ಎಲ್ಲಿ ಕಂಡಿತು ಎಂಬುದು ದಿನವೂ ಅಲ್ಲೇ ಇರುವ ಅವನಿಗಿಂತ ಹೆಚ್ಚಾಗಿ ಯಾರಿಗೆ ಗೊತ್ತಿರುತ್ತದೆ?

3. ದಿನ ಮತ್ತು ಹೊತ್ತು

ತಿಂಗಳಿಗೊಂದು ದಿನ ಗೊತ್ತುಮಾಡಿ, ಬದಲಿಸಬೇಡಿ. ‘ಎರಡನೆಯ ಭಾನುವಾರ’ ಎಂದರೆ ಎರಡನೆಯ ಭಾನುವಾರ. ಜನ ದಿನಾಂಕ ಮರೆಯುತ್ತಾರೆ, ವಾರ ಮರೆಯುವುದಿಲ್ಲ. ಆರೂವರೆಗೆ ಶುರು ಮಾಡಿದರೆ ಒಳ್ಳೆಯದು. ಆದರೆ ಜನವರಿಯಲ್ಲಿ ಮೈಸೂರಿನಲ್ಲಿ ಸೂರ್ಯ ಏಳುವುದೇ ಆರೂಮುಕ್ಕಾಲರ ಸುಮಾರಿಗೆ, ಆಗ ಏಳು ಗಂಟೆ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಎಂಟೂವರೆಯೊಳಗೆ ಮುಗಿಸಿ. ಬಿಸಿಲಿಗೆ ಮೊದಲು ಸೋಲುವವರು ಎಳೆಯರು ಮತ್ತು ಹಿರಿಯರು.

ಪ್ರತಿ ತಿಂಗಳೂ ಅದೇ ಜಾಗಕ್ಕೆ ಹೋದರೆ ಬೇಸರವಾಗುವುದಿಲ್ಲವೇ ಎಂದು ಕೇಳುತ್ತಾರೆ. ನವೆಂಬರಿನಿಂದ ಫೆಬ್ರವರಿಯವರೆಗೆ ವಲಸೆ ಹಕ್ಕಿಗಳ ಕಾಲ. ಫೆಬ್ರವರಿ ಹೊತ್ತಿಗೆ ಬೂರುಗ ಮತ್ತು ಮುತ್ತುಗ ಎಲೆ ಕಳಚಿ ಕೆಂಪಾಗುತ್ತವೆ. ಮಾರ್ಚಿಗೆ ಹೊಂಗೆ ಚಿಗುರುತ್ತದೆ, ಯುಗಾದಿಯ ನಂತರ ಕಕ್ಕೆ ಹಳದಿ ಗೊಂಚಲು ಇಳಿಬಿಡುತ್ತದೆ. ಮಳೆ ಬಿದ್ದ ಮೇಲೆ ಗೀಜಗ ಗೂಡು ನೇಯುತ್ತದೆ, ಕಪ್ಪೆಗಳ ಮೇಳ ಶುರುವಾಗುತ್ತದೆ. ಗಣೇಶನ ಹಬ್ಬಕ್ಕೆ ಮುಂಚಿನ ನಡಿಗೆಯಲ್ಲಿ ಗಣಪನ ಇಪ್ಪತ್ತೊಂದು ಪತ್ರೆಗಳಲ್ಲಿ ಎಷ್ಟು ಗಿಡ ನಮ್ಮ ಏರಿಯ ಮೇಲಿವೆ ಎಂದು ಹುಡುಕಿ, ಕೀಳದೆ. ಅಂದು ಅಜ್ಜಿಯರೇ ಮುಂದಾಳುಗಳು, ನೀವು ಬಾಯಿ ಮುಚ್ಚಿಕೊಂಡು ಹಿಂದೆ ನಡೆದರಾಯಿತು. ಹೀಗೆ ನೋಡಿದರೆ ಅದೇ ಜಾಗ ಎನ್ನುವುದೇ ಇಲ್ಲ.

4. ಇಪ್ಪತ್ತಕ್ಕೆ ನಿಲ್ಲಿಸಿ

ಒಬ್ಬ ಮುಂದಾಳಿಗೆ ಇಪ್ಪತ್ತು ಜನ, ಅದಕ್ಕಿಂತ ಹೆಚ್ಚು ಬೇಡ. ಇಪ್ಪತ್ತೊಂದನೆಯವರು ಬಂದರೆ ಎರಡು ಗುಂಪು ಮಾಡಿ, ಎದುರುಬದುರು ದಿಕ್ಕಿನಲ್ಲಿ ಹೊರಡಿಸಿ. ಮುಂದಾಳಿನಷ್ಟೇ ಮುಖ್ಯ ಹಿಂದಾಳು. ಗುಂಪಿನ ಕೊನೆಯಲ್ಲಿ ನಡೆಯುವ, ಯಾರನ್ನೂ ಹಿಂದೆ ಬಿಡದ, ಔಷಧಿ ಚೀಲ ಹೊತ್ತ ಆ ವ್ಯಕ್ತಿ ತಾಳ್ಮೆಯವರಾಗಿರಬೇಕು, ಅವರಿಗೆ ಹಕ್ಕಿಯ ಹುಚ್ಚು ಕಡಿಮೆ ಇದ್ದಷ್ಟೂ ಒಳ್ಳೆಯದು. ಹಿಂದಾಳು ಕೈ ಎತ್ತದೆ ಮುಂದಾಳು ಮಾತು ಶುರು ಮಾಡುವಂತಿಲ್ಲ. ಈ ಒಂದು ನಿಯಮ ಮೊದಲ ದಿನವೇ ಇದ್ದಿದ್ದರೆ ನನ್ನ ಹೆಜ್ಜಾರ್ಲೆ ಭಾಷಣ ದಂಡವಾಗುತ್ತಿರಲಿಲ್ಲ.

ಹದಿನಾಲ್ಕರ ಒಳಗಿನ ಮಕ್ಕಳ ಜೊತೆ ಮನೆಯ ಹಿರಿಯರೊಬ್ಬರು ಇರಲೇಬೇಕು ಎಂದು ಮೊದಲೇ ಹೇಳಿ. ಮಕ್ಕಳನ್ನು ಗೇಟಿನಲ್ಲಿ ಇಳಿಸಿ ಹೋಗುವ ಪೋಷಕರಿದ್ದಾರೆ. ನಮ್ಮದು ಶಿಶುವಿಹಾರವಲ್ಲ.

5. ಕರೆಯುವುದು ಹೇಗೆ

ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ, ಹಾಲಿನ ಅಂಗಡಿಯ ಗೋಡೆಗೆ ಒಂದು ಚೀಟಿ. ಎರಡನೆಯದನ್ನು ಬಿಟ್ಟರೆ ಮೊಬೈಲ್ ನೋಡದ ಹಿರಿಯರು ಬರುವುದಿಲ್ಲ. ನಾವು ಬರೆಯುವುದು ಇಷ್ಟೇ:

“ಈ ಭಾನುವಾರ ಬೆಳಿಗ್ಗೆ 6.30ಕ್ಕೆ ಕೆರೆಯ ಮುಂಬಾಗಿಲಿನಲ್ಲಿ ಸೇರೋಣ. 8.30ಕ್ಕೆ ಮುಗಿಯುತ್ತದೆ. ನಡೆಯುವುದು ಒಂದೇ ಕಿಲೋಮೀಟರು, ನಡುವೆ ಕೂರಲು ಜಾಗವಿದೆ. ಕುಡಿಯುವ ನೀರು, ಟೋಪಿ, ಹಳೆಯ ಬೂಟು ತನ್ನಿ. ಹಸಿರು, ಕಂದು, ಬೂದು ಬಣ್ಣದ ಬಟ್ಟೆ ತೊಡಿ. ಸುಗಂಧ ಹಚ್ಚಿಕೊಳ್ಳಬೇಡಿ. ನಾಯಿಗಳನ್ನು ಕರೆತರಬೇಡಿ. ಮಳೆ ಜೋರಾಗಿದ್ದರೆ ಆರು ಗಂಟೆಗೆ ತಿಳಿಸುತ್ತೇವೆ. ಶುಲ್ಕವಿಲ್ಲ.”

ದೂರ ಮತ್ತು ಮುಗಿಯುವ ಹೊತ್ತು, ಈ ಎರಡನ್ನು ಬರೆಯದಿದ್ದರೆ ಮಂಡಿನೋವಿನವರು ತಮ್ಮಿಂದಾಗದು ಎಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ.

6. ಚೀಲದೊಳಗೆ

ದುರ್ಬೀನು ಇಬ್ಬರಿಗೊಂದು ಸಿಕ್ಕರೆ ಪುಣ್ಯ, ಐವರಿಗೊಂದಾದರೂ ನಡೆಯುತ್ತದೆ. ಕೊಳ್ಳುವುದಾದರೆ 8×42 ಎಂದು ಬರೆದದ್ದನ್ನು ಕೊಳ್ಳಿ. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದು ಅದರ ಅರ್ಥ. ಹತ್ತು ಪಟ್ಟಿನದು ಹೆಚ್ಚು ಚೆನ್ನಾಗಿರಬಹುದೆಂಬ ಆಸೆ ಬೇಡ, ಕೈಯ ನಡುಕವೂ ಹತ್ತು ಪಟ್ಟಾಗುತ್ತದೆ. ಬಳಸುವ ಗುಟ್ಟು ಒಂದೇ: ಹಕ್ಕಿಯನ್ನು ಮೊದಲು ಬರಿಗಣ್ಣಿನಲ್ಲಿ ಹಿಡಿಯಿರಿ, ಕಣ್ಣು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ದುರ್ಬೀನು ಕಣ್ಣಿಗಿಟ್ಟು ಆಮೇಲೆ ಹಕ್ಕಿ ಹುಡುಕುವವರಿಗೆ ಬರೀ ಎಲೆ ಕಾಣುತ್ತದೆ. ಕನ್ನಡಕದವರು ಕಣ್ಣಿನ ಕಡೆಯ ರಬ್ಬರು ಬಟ್ಟಲನ್ನು ಒಳಕ್ಕೆ ಮಡಚಿಕೊಳ್ಳಬೇಕು. ಆರೇಳು ವರ್ಷದೊಳಗಿನವರಿಗೆ ರಟ್ಟಿನ ಕೊಳವೆ ಕೊಟ್ಟರೂ ಸಂತೋಷವೇ. ಅದರಲ್ಲಿ ಅವರು ನೋಡುವುದು ನಮಗಿಂತ ಹೆಚ್ಚು.

ಇದಲ್ಲದೆ ಒಂದೆರಡು ಭೂತಗನ್ನಡಿ, ನೋಟ್‌ಪುಸ್ತಕ, ಪೆನ್ಸಿಲ್, ಗಾಯಕ್ಕೆ ಪಟ್ಟಿ, ಉಪ್ಪು-ಸಕ್ಕರೆ ಪೊಟ್ಟಣ, ಕಸ ಹೆಕ್ಕಲು ಒಂದು ಗೋಣಿಚೀಲ.

7. ನಿಲ್ಲುವ ಜಾಗಗಳು

ನಡಿಗೆಯ ಜೀವ ಇಲ್ಲಿದೆ. ಒಂದು ಕಿಲೋಮೀಟರಿನಲ್ಲಿ ಐದು ಕಡೆ ನಿಲ್ಲಿ. ಒಂದೊಂದು ಕಡೆ ಹತ್ತರಿಂದ ಹದಿನೈದು ನಿಮಿಷ. ಹಕ್ಕಿ ನಿಮ್ಮ ಮಾತು ಕೇಳುವುದಿಲ್ಲವಾದ್ದರಿಂದ ಐದರಲ್ಲಿ ಮೂರಾದರೂ ಕದಲದ ವಸ್ತುಗಳಾಗಿರಲಿ: ಮರ, ಇರುವೆಗೂಡು, ತೂಬು.

ನಾವು ಮೊದಲು ನಿಲ್ಲುವುದು ಅತ್ತಿ ಮರದ ಕೆಳಗೆ. ಅತ್ತಿಯ ಹೂ ಕಂಡವರಿಲ್ಲ ಎಂದು ಯಾರಾದರೂ ಹಿರಿಯರು ಹೇಳಿಯೇ ಹೇಳುತ್ತಾರೆ. ಆಗ ನೆಲಕ್ಕೆ ಬಿದ್ದ ಕಾಯೊಂದನ್ನು ಒಂದು ಮಗುವಿನ ಕೈಗೆ ಕೊಟ್ಟು ಉಗುರಿನಿಂದ ಬಿಡಿಸಲು ಹೇಳಿ. ಹೂಗಳೆಲ್ಲ ಒಳಗೇ ಇವೆ, ನೂರಾರು, ಒಳಮುಖವಾಗಿ. ಕಾಯಿಯ ತುದಿಯಲ್ಲಿ ಸೂಜಿ ತೂರುವಷ್ಟು ಬಾಯಿ. ಎಳ್ಳಿನಷ್ಟು ದೊಡ್ಡ ಹೆಣ್ಣು ಕಣಜವೊಂದು ಆ ಬಾಯಿಯಿಂದ ನುಸುಳುತ್ತದೆ. ನುಸುಳುವಾಗ ರೆಕ್ಕೆ ಕಿತ್ತುಹೋಗುತ್ತವೆ. ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಅಲ್ಲಿ ಹಚ್ಚಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಅದರ ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಗಂಡುಗಳು ಹೆಣ್ಣುಗಳನ್ನು ಕೂಡಿ, ಅವು ಹೊರಗೆ ಹಾರಲು ಸುರಂಗ ಕೊರೆದುಕೊಟ್ಟು ಸಾಯುತ್ತವೆ. ಹಣ್ಣಿನಲ್ಲಿ ಹುಳ ಎಂದು ನಾವು ಮುಖ ಸಿಂಡರಿಸುತ್ತೇವಲ್ಲ, ಆ ಹುಳವಿಲ್ಲದೆ ಅತ್ತಿಗೆ ಬೀಜವಿಲ್ಲ. ಇಷ್ಟನ್ನು ಹೇಳಿ ಸುಮ್ಮನಿರಿ. ಬಿಡಿಸಿದ ಕಾಯಿಯಿಂದ ಕಣಜವೊಂದು ಮಗುವಿನ ಬೆರಳ ಮೇಲೆ ಹತ್ತಿ ನಡೆದರೆ ಮುಂದಿನ ಐದು ನಿಮಿಷ ನಿಮ್ಮ ಮಾತು ಯಾರಿಗೂ ಬೇಕಿಲ್ಲ.

ಹೊಂಗೆಯ ಎಲೆಯ ಮೇಲೆ ಎದ್ದ ಹಸಿರು ಗಂಟುಗಳನ್ನು ಹಾಗೆಯೇ ಭೂತಗನ್ನಡಿಯಲ್ಲಿ ತೋರಿಸಿ. ಕಣ್ಣಿಗೆ ಕಾಣದ ನುಸಿಗಳು ಎಲೆಯಿಂದಲೇ ಕಟ್ಟಿಸಿಕೊಂಡ ಮನೆಗಳು ಅವು. ಚಗಳಿ ಇರುವೆಯ ಗೂಡು ಸಿಕ್ಕರೆ ಒಂದು ಮಾರು ದೂರ ನಿಂತು ನೋಡಿ. ದೊಡ್ಡ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಬಿಡುವ ರೇಷ್ಮೆ ಎಳೆಯಿಂದ ಎಲೆ ಹೊಲಿಯುತ್ತವೆ. ಮಲೆನಾಡಿನ ಕಡೆಯವರು ಗುಂಪಿನಲ್ಲಿದ್ದರೆ ಮಾತು ಈ ಇರುವೆಯ ಚಟ್ನಿಯ ಕಡೆಗೆ ಹೊರಳುತ್ತದೆ. ಹೊರಳಲಿ ಬಿಡಿ.

ಇನ್ನೊಂದು ನಿಲ್ದಾಣ ಕೆರೆಯದ್ದೇ. ಪೇಟೆಯಲ್ಲಿ ಬೆಳೆದ ಎಷ್ಟೋ ಮಕ್ಕಳು ಕೆರೆ ಎಂದರೆ ತಾನಾಗಿಯೇ ಆದ ನೀರಿನ ಗುಂಡಿ ಎಂದುಕೊಂಡಿರುತ್ತಾರೆ. ನೀರು ತಡೆದು ನಿಲ್ಲಿಸಿರುವ ಮಣ್ಣಿನ ಕಟ್ಟೆ ಏರಿ, ಗದ್ದೆಗೆ ನೀರು ಬಿಡುವ ಬಾಗಿಲು ತೂಬು, ತುಂಬಿ ಹೆಚ್ಚಾದದ್ದು ಹೊರಹೋಗುವ ದಾರಿ ಕೋಡಿ. ಕೋಡಿ ಹರಿಯಿತು ಎಂದು ಪತ್ರಿಕೆಯಲ್ಲಿ ಓದುವ ಮಾತು ಇದೇ ಎಂದು ಬೆರಳು ಮಾಡಿ ತೋರಿಸಿ. ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದದ್ದು. ಕುವೆಂಪು ಇದರ ದಡದಲ್ಲಿ ವಿಹರಿಸುತ್ತಿದ್ದರು. ನಿಮ್ಮ ಕೆರೆಗೂ ಒಂದು ಕಥೆ ಇರುತ್ತದೆ, ಕಟ್ಟಿಸಿದವರ ಹೆಸರು ಎಲ್ಲೋ ಒಂದು ಕಲ್ಲಿನ ಮೇಲೆ ಇರಬಹುದು. ಅಲ್ಲೊಮ್ಮೆ ಭತ್ತ ಬೆಳೆದಿದ್ದವರು ಗುಂಪಿನಲ್ಲೇ ಇದ್ದರೆ ಮಾತು ಅವರಿಗೆ ಬಿಡಿ.

ಹಕ್ಕಿಗೆ ನಿಲ್ಲುವಾಗ ಹಾವಕ್ಕಿಯನ್ನು ಹುಡುಕಿ. ಈಜುವಾಗ ಕತ್ತು ಮಾತ್ರ ನೀರಿನ ಮೇಲೆ, ಥೇಟ್ ಹಾವು. ಗರಿ ನೆನೆಯುವುದರಿಂದ ಮೇಲೆ ಬಂದು ಒಣಕೊಂಬೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ಹಾಗೆ ಕೂತರೆ ಬೇಗ ಏಳುವುದಿಲ್ಲ. ದುರ್ಬೀನಿಗಾಗಿ ಸಾಲುಗಟ್ಟಿದ ಹತ್ತು ಮಕ್ಕಳೂ ನೋಡಿ ಮುಗಿಸುವಷ್ಟು ಹೊತ್ತು ಅದು ಕೊಡುತ್ತದೆ. ಮಿಂಚುಳ್ಳಿ ಅಷ್ಟು ಉದಾರಿಯಲ್ಲ.

ಹೆಸರು ಗೊತ್ತಿಲ್ಲದ ಹಕ್ಕಿ ಬಂದರೆ ಗೊತ್ತಿಲ್ಲ ಎನ್ನಿ. ಗೊತ್ತಿರುವುದನ್ನು ಕನ್ನಡದಲ್ಲಿ ಹೇಳಿ, ಏಕೆಂದರೆ ಆ ಹೆಸರುಗಳಲ್ಲೇ ಅರ್ಧ ಗುರುತು ಅಡಗಿದೆ. ಗುಳುಮುಳುಕ ಗುಳುಕ್ಕನೆ ಮುಳುಗುತ್ತದೆ. ಕುಟ್ರುಹಕ್ಕಿ ಕುಟ್ರು ಕುಟ್ರು ಎನ್ನುತ್ತದೆ. ನೆಲದ ಮೇಲೆ ಓಡುತ್ತಾ ಬಾಲ ಕುಣಿಸುವ ಕುಂಡೆಕುಸ್ಕದ ಹೆಸರು ಕೇಳಿದ ಮಕ್ಕಳು ಹೊಟ್ಟೆ ಹಿಡಿದು ನಗುತ್ತಾರೆ. ಮನೆಗೆ ಹೋದ ಮೇಲೂ ಮರೆಯುವುದಿಲ್ಲ. ದನಿ ಕೇಳಿ ಹಕ್ಕಿ ಹೇಳುವ ಮರ್ಲಿನ್ ಆ್ಯಪ್ ಒಳ್ಳೆಯದೇ, ಆದರೆ ಅದು ಆಗಾಗ ತಪ್ಪುತ್ತದೆ. ಎರಡು ನಿಮಿಷ ಕಣ್ಣು ಮುಚ್ಚಿ ಎಲ್ಲರೂ ಎಷ್ಟು ಬಗೆಯ ದನಿ ಕೇಳಿಸಿತು ಎಂದು ಬೆರಳು ಮಡಚಿ ಎಣಿಸಿದ ಮೇಲೆ ಮೊಬೈಲ್ ತೆಗೆಯಿರಿ. ದೃಷ್ಟಿ ಮಂದವಾದವರು ಈ ಆಟದಲ್ಲಿ ಸಾಮಾನ್ಯವಾಗಿ ಎಲ್ಲರನ್ನೂ ಸೋಲಿಸುತ್ತಾರೆ. ಅವರಿಗಾಗಿ ಬೇವಿನ ಒರಟು ತೊಗಟೆಯನ್ನೂ ನೀಲಗಿರಿಯ ನುಣುಪನ್ನೂ ಮುಟ್ಟಿ ನೋಡುವ ನಿಲ್ದಾಣವೊಂದನ್ನು ಇಟ್ಟುಕೊಳ್ಳಿ. ಮಿಕ್ಕವರೂ ಮುಟ್ಟಲಿ.

8. ಬರೆದಿಡಿ

ಒಬ್ಬೊಬ್ಬ ಹುಡುಗನಿಗೆ, ಹುಡುಗಿಗೆ ಒಂದೊಂದು ಹಕ್ಕಿಯ ಎಣಿಕೆ ವಹಿಸಿ: ನೀನು ನೀರುಕಾಗೆ, ನೀನು ಬೆಳ್ಳಕ್ಕಿ. ಶುರುವಾದ ಹೊತ್ತು, ಮುಗಿದ ಹೊತ್ತು, ನಡೆದ ದೂರ, ಎಣಿಕೆ ಇಷ್ಟಿದ್ದರೆ ಹಕ್ಕಿ ಎಣಿಕೆಗಳನ್ನು ಕೂಡಿಡುವ ಇ-ಬರ್ಡ್ ಜಾಲತಾಣಕ್ಕೆ ಪಟ್ಟಿ ಏರಿಸಬಹುದು, ಅದು ಉಚಿತ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆಯಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಭಾರತದವರು 2013ರಿಂದ ಪಾಲ್ಗೊಳ್ಳುತ್ತಿದ್ದಾರೆ. ಕನಿಷ್ಠ ಹದಿನೈದು ನಿಮಿಷ ಎಣಿಸಿದರೆ ಸಾಕು. ಹೊಸ ಗುಂಪಿಗೆ ಶುರು ಮಾಡಲು ಅದು ಒಳ್ಳೆಯ ನೆಪ. ನವೆಂಬರ್ 12, ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ ದಿನ, ಇನ್ನೊಂದು ನೆಪ. 1940ರಲ್ಲಿ ಮೈಸೂರು ಅರಸರ ಮನವೊಲಿಸಿ ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿದವರು ಅವರೇ.

9. ಅಪಾಯಗಳು

ಹೆಜ್ಜೇನಿನ ಕೆಳಗೆ ಗುಂಪು ನಿಲ್ಲಿಸಬೇಡಿ, ಹೊಗೆ ಬೇಡ, ಕಲ್ಲಂತೂ ಬೇಡವೇ ಬೇಡ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಓಡಿ ಕಟ್ಟಡದೊಳಗೋ ವಾಹನದೊಳಗೋ ಸೇರಿ ಬಾಗಿಲು ಹಾಕಿಕೊಳ್ಳಬೇಕು. ನೀರಿಗೆ ಹಾರಬಾರದು. ಕಚ್ಚಿಸಿಕೊಂಡವರ ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಹಾವು ಕಂಡರೆ ನಿಂತು, ಹಿಂದೆ ಸರಿದು, ಅದಕ್ಕೆ ದಾರಿ ಬಿಡಿ. ಕಚ್ಚಿದರೆ ಹಗ್ಗ ಬಿಗಿಯುವುದು, ಕುಯ್ಯುವುದು, ರಕ್ತ ಹೀರುವುದು ಯಾವುದೂ ಕೂಡದು. ಕಚ್ಚಿದ ಅಂಗ ಅಲ್ಲಾಡದಂತೆ ಇಟ್ಟು, ಉಂಗುರ ಬಳೆ ತೆಗೆದು, ವಿಷಕ್ಕೆ ಪ್ರತಿವಿಷ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಹತ್ತಿರದಲ್ಲಿ ಅದು ಯಾವ ಆಸ್ಪತ್ರೆಯಲ್ಲಿದೆ ಎಂದು ನಡಿಗೆಗೆ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಮಲೆನಾಡಿನವರಿಗೆ ಮಳೆಗಾಲದಲ್ಲಿ ಇಂಬಳದ ಕಾಟ, ಅದು ಬರೀ ಕಿರಿಕಿರಿ. ನಿಜವಾದ ಎಚ್ಚರ ಬೇಕಾದದ್ದು ಡಿಸೆಂಬರಿನಿಂದ ಮೇವರೆಗೆ, ಉಣ್ಣಿಗಳಿಂದ ಹರಡುವ ಮಂಗನ ಕಾಯಿಲೆಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಅದು. ಕಾಯಿಲೆ ಕಂಡ ಕಡೆ ಆ ತಿಂಗಳುಗಳಲ್ಲಿ ಕಾಡಿನ ನಡಿಗೆ ಇಟ್ಟುಕೊಳ್ಳಬೇಡಿ, ಶಾಲೆಯ ಅಂಗಳದಲ್ಲಿ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

10. ಬೇಡಗಳು

ಹಕ್ಕಿಯನ್ನು ಸೆಳೆಯಲು ಮೊಬೈಲಿನಲ್ಲಿ ಅದರ ದನಿ ಹಾಕುವವರಿದ್ದಾರೆ. ಮರಿ ಸಾಕುವ ಕಾಲದಲ್ಲಿ ಶತ್ರು ಬಂದನೆಂದು ಬಗೆದು ತಾಯಿತಂದೆ ಗೂಡು ಬಿಟ್ಟು ಓಡಾಡುತ್ತವೆ. ಗೂಡಿನ ಫೋಟೊಗಾಗಿ ಕೊಂಬೆ ಸರಿಸುವುದೂ ಅದೇ ಜಾತಿಯ ಪಾಪ, ಆಮೇಲೆ ಕಾಗೆಗೆ ದಾರಿ ಸಲೀಸು. ಬಾತುಗಳಿಗೆ ಬ್ರೆಡ್ಡು ಎಸೆಯಬೇಡಿ. ಇದನ್ನೆಲ್ಲ ಶುರುವಿನಲ್ಲೇ ನಗುನಗುತ್ತ ಒಂದು ನಿಮಿಷದಲ್ಲಿ ಹೇಳಿ ಮುಗಿಸಿ. ನಡುವೆ ಗದರಿದರೆ ಆ ಮನುಷ್ಯ ಮತ್ತೆ ಬರುವುದಿಲ್ಲ.

11. ಮುಗಿದ ಮೇಲೆ

ಮುಗಿಯುವ ಹೊತ್ತಿಗೆ ಮುಗಿಸಿ, ಅಪರೂಪದ ಹಕ್ಕಿ ಬಂದು ಕೂತಿದ್ದರೂ ಸರಿ. ಹೋಗಬೇಕಾದವರು ಹೋಗಲಿ, ಉಳಿದವರು ಏರಿಯ ಮೇಲೆ ಬುತ್ತಿ ಬಿಚ್ಚಲಿ. ಕಾಗದದ ತಟ್ಟೆ ಬೇಡ, ಡಬ್ಬಿ ಲೋಟ ಮನೆಯಿಂದಲೇ ತರಲು ಹೇಳಿ. ವರ್ಷಕ್ಕೊಮ್ಮೆ ಹಂಬಲವಾದರೆ ಬಸ್ಸು ಮಾಡಿಕೊಂಡು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ ಬನ್ನಿ. ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿರುತ್ತವೆ, ಕೆಳಗೆ ಜನ ತಮ್ಮ ಪಾಡಿಗೆ ದನ ಹೊಡೆದುಕೊಂಡು ಹೋಗುತ್ತಿರುತ್ತಾರೆ. ಚಳಿಗಾಲವಾದರೆ ನಂಜನಗೂಡು ಕಡೆಯ ಹದಿನಾರು ಕೆರೆಯಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳಿರುತ್ತವೆ.

ನಮ್ಮ ಗುಂಪಿನ ನೋಟ್‌ಪುಸ್ತಕ ಪ್ರತಿ ತಿಂಗಳು ಒಬ್ಬೊಬ್ಬರ ಮನೆಗೆ ಹೋಗುತ್ತದೆ. ಕೊಂಡೊಯ್ದವರೇ ಮುಂದಿನ ಸಲದ ಮುಂದಾಳು, ಐದು ನಿಲ್ದಾಣ ಅವರೇ ಗೊತ್ತುಮಾಡಬೇಕು. ಕಳೆದ ತಿಂಗಳು ಅದು ಆ ಒಂದೆಲಗದ ಅಜ್ಜಿಯ ಮನೆಗೆ ಹೋಗಿತ್ತು. ಐದರಲ್ಲಿ ನಾಲ್ಕನ್ನು ಅವರು ಕುಳಿತುಕೊಳ್ಳುವ ಕಲ್ಲಿನ ಸುತ್ತಲೇ ಇಟ್ಟಿದ್ದರು.